ಮೊದಲು ಕೈ, ಆಮೇಲೆ ಕಡ್ಡಿ

ಎಡಗೈಯ ಕಿರುಬೆರಳು ಕೆಲಸ ಬಿಟ್ಟಿದೆ ಎಂದು ನನಗೆ ಗೊತ್ತಾದದ್ದು, ಆ ಕೈ ಒಂದು ಆಕಳಿನ ಒಳಗೆ ಮೊಣಕೈವರೆಗೆ ಹೋಗಿದ್ದಾಗ. ಕಲಬುರಗಿ ಹತ್ತಿರದ ಕಮಲಾಪುರದ ಹೊರಗೆ, ಕೆಂಪು ಬಾಳೆಯ ತೋಟವೊಂದರ ದಂಡೆಗಿದ್ದ ಕೊಟ್ಟಿಗೆ ಅದು. ನಾನು ಪಶುವೈದ್ಯಕೀಯ ಪರೀಕ್ಷಕ, ಊರವರ ಬಾಯಲ್ಲಿ ದನದ ಡಾಕ್ಟರು. ದನಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ದಿನದ ಅರ್ಧ ಕೆಲಸ. ಎಡಗೈಗೆ ಹೆಗಲತನಕ ಬರುವ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು, ಸಗಣಿ ಬರುವ ದಾರಿಯಿಂದ ಒಳಗೆ ಕೈಯಿಟ್ಟು, ಗರ್ಭಕೋಶದ ಕೊರಳನ್ನು ಹಿಡಿದುಕೊಳ್ಳಬೇಕು. ಬಲಗೈಯಲ್ಲಿರುವ ಉದ್ದನೆಯ ಉಕ್ಕಿನ ಕೊಳವೆ, ನಾವು ಗನ್ ಎನ್ನುವುದು, ಇನ್ನೊಂದು ದಾರಿಯಿಂದ ಬಂದು ಆ ಕೊರಳನ್ನು ದಾಟಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ. ಎಡಗೈ ಹೇಳಿದ್ದೇ ಸತ್ಯ. ಅಂದು ಹೆಬ್ಬೆರಳು, ತೋರುಬೆರಳು, ನಡುಬೆರಳು ತಮ್ಮ ತಮ್ಮ ವರದಿ ಕೊಟ್ಟವು. ಕಿರುಬೆರಳು ಮತ್ತು ಅದರ ಪಕ್ಕದ ಉಂಗುರದ ಬೆರಳು ಸುಮ್ಮನಿದ್ದವು.

ಕೈ ತೊಳೆದುಕೊಂಡು ಕಿರುಬೆರಳನ್ನು ಉಗುರಿನಿಂದ ಚಿವುಟಿ ನೋಡಿದೆ. ಬೇರೆ ಯಾರದೋ ಬೆರಳನ್ನು ಚಿವುಟಿದಂತಿತ್ತು.

ಆ ಕೈಗೆ ಹಳೆಯ ಪೆಟ್ಟೊಂದಿತ್ತು. ಒಂಬತ್ತು ವರ್ಷದ ಹಿಂದೆ, ದನ ನಿಲ್ಲಿಸುವ ಕಬ್ಬಿಣದ ಚೌಕಟ್ಟಿನಲ್ಲಿ, ನನ್ನ ಕೈ ಕಂಬಿಗಳ ನಡುವೆ ಇದ್ದಾಗಲೇ ಎಮ್ಮೆಯೊಂದು ಧೊಪ್ಪನೆ ಕೂತುಬಿಟ್ಟಿತು. ತೋಳಿನ ಮೂಳೆ ಮುರಿಯಿತು. ಮೂಳೆಗೆ ಸುತ್ತಿಕೊಂಡು ಹೋಗುವ ನರ ಜಜ್ಜಿಹೋಯಿತು. ಮುಂಗೈ ಜೋತುಬಿತ್ತು, ಏಳು ಎಂದರೆ ಏಳದು. ಎಂಟು ತಿಂಗಳು ಅಂಗಿಯ ಗುಂಡಿಯನ್ನು ಹೆಂಡತಿ ಹಾಕಿದಳು, ನಾನು ಕಚೇರಿಯಲ್ಲಿ ಕೂತು ಬಲಗೈಯಿಂದ ರಿಜಿಸ್ಟರ್ ಬರೆದೆ. ದನಗಳ ಹತ್ತಿರ ಹೋಗದ ದನದ ಡಾಕ್ಟರನ್ನು ಯಾರೂ ಕೇಳುವುದಿಲ್ಲ, ಆ ಎಂಟು ತಿಂಗಳು ನನ್ನನ್ನೂ ಯಾರೂ ಕೇಳಲಿಲ್ಲ. ಆಮೇಲೆ ಕೈ ಬಂತು. ಪೂರ್ತಿ ಅಲ್ಲ, ಹೆಚ್ಚು ಹೊತ್ತು ದುಡಿದರೆ ಮಣಿಕಟ್ಟು ಇವತ್ತಿಗೂ ಸೋಲುತ್ತದೆ. ಆದರೂ ಕೆಲಸಕ್ಕೆ ಬಂತು.

ಹೀಗಾಗಿ ಬೆರಳು ಜೋಮು ಹಿಡಿದ ಕೂಡಲೇ ನಾನು ತೀರ್ಪು ಕೊಟ್ಟುಬಿಟ್ಟೆ. ಹಳೆಯ ನರ ಮತ್ತೆ ಕೆಟ್ಟಿದೆ, ಈ ಸಲ ಬೆರಳಿಂದ ಶುರುವಾಗಿದೆ, ಇನ್ನು ಮೇಲಕ್ಕೆ ಏರುತ್ತದೆ. ಭಯವಾಯಿತು. ಭಯವಾದವನು ಡಾಕ್ಟರ ಹತ್ತಿರ ಹೋಗಬೇಕು ಎಂದು ಊರಿಗೆಲ್ಲ ಹೇಳುವವನು ನಾನೇ. ಆದರೆ ನಾನು ಮಾಡಿದ್ದು ಗುಟ್ಟು. ತೋಳಿಗೆ ಎಣ್ಣೆ ತಿಕ್ಕಿದೆ, ಬಟ್ಟೆಯಲ್ಲಿ ಉಪ್ಪು ಕಟ್ಟಿ ಕಾಯಿಸಿ ಶಾಖ ಕೊಟ್ಟೆ. ಕಲಬುರಗಿ ಅಂಚಿನ ಶರಣಸಿರಸಗಿಯ ಹೊಸ ಲೇಔಟಿನಲ್ಲಿ ನಮ್ಮ ಮನೆ. ಅಲ್ಲಿ ಚಹಾ ಕುಡಿಯುವಾಗ ನಾನು ಕೈ ಜಾಡಿಸುವುದನ್ನು ಹೆಂಡತಿ ನೋಡಿದಳು.

“ಕೈ ಯಾಕ ಹಂಗ ಝಾಡಿಸ್ಲಾಕತ್ತೀರಿ?”

“ಸೊಳ್ಳಿ.”

“ಇಷ್ಟು ದೊಡ್ಡ ಮನ್ಯಾಗ ಸೊಳ್ಳಿ ನಿಮಗೊಬ್ಬರಿಗೇ ಕಡೀತದೇನ್ರಿ?”

ನಾನು ಪೇಪರ್ ಎತ್ತಿಕೊಂಡೆ.

ಇಲ್ಲಿ ನಮ್ಮ ಕೆಲಸದ ಒಂದು ಕ್ರಮ ಹೇಳಬೇಕು. ವೀರ್ಯ ತುಂಬಿದ ಸಣ್ಣ ಕಡ್ಡಿಗಳು ದ್ರವ ನೈಟ್ರೋಜನ್ ಇರುವ ಕ್ಯಾನಿನಲ್ಲಿ ಹೆಪ್ಪುಗಟ್ಟಿ ಇರುತ್ತವೆ. ಒಂದನ್ನು ಎತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿದರೆ ಕರಗುತ್ತದೆ. ಕರಗಿದ್ದನ್ನು ತಿರುಗಿ ಕ್ಯಾನಿಗೆ ಹಾಕುವಂತಿಲ್ಲ. ಸ್ವಲ್ಪ ಹೊತ್ತಿನೊಳಗೆ ಬಳಸಬೇಕು, ಇಲ್ಲವೇ ಚೆಲ್ಲಬೇಕು. ಅದಕ್ಕೇ ಮೊದಲು ಬರಿಗೈ ಹಾಕಿ ನೋಡುವುದು. ದನ ನಿಜವಾಗಿ ಬೆದೆಗೆ ಬಂದಿದೆಯೇ, ಹೊಟ್ಟೆಯಲ್ಲಿ ಆಗಲೇ ಕರು ಇಲ್ಲ ತಾನೇ, ಇವೆರಡೂ ಖಾತ್ರಿಯಾದ ಮೇಲೆ ಕಡ್ಡಿ ತೆಗೆಯುವುದು. ಗಬ್ಬವಾದ ದನಕ್ಕೆ ಗನ್ ಹಾಕಿದರೆ ಒಳಗಿನ ಕರು ಹೋಗಬಹುದು. ತರಬೇತಿಯಲ್ಲಿ ನಮ್ಮ ಗುರುಗಳು “ಮೊದಲು ಕೈ, ಆಮೇಲೆ ಕಡ್ಡಿ” ಎಂದು ಮಗ್ಗಿ ಹೇಳಿಸಿದಂತೆ ಹೇಳಿಸುತ್ತಿದ್ದರು.

ಜೋಮು ಬಂದ ಮೇಲೆ ಕೈಯನ್ನು ಎರಡು ಸಲ ಒಳಗೆ ಹಾಕುವುದು ನನಗೆ ಕಷ್ಟವಾಯಿತು. ದನ ಮುಕ್ಕಿದಾಗಲೆಲ್ಲ ಒಳಗೆ ಕೈ ಹಿಂಡಿಹೋಗುತ್ತದೆ. ಹೊರಗೆ ತೆಗೆದ ಮೇಲೆ ಎರಡು ಬೆರಳಲ್ಲ, ಅರ್ಧ ಅಂಗೈಯೇ ಮರಗಟ್ಟಿರುತ್ತಿತ್ತು. ಎರಡು ಮೂರು ದಿನದಲ್ಲೇ ಕ್ರಮ ತಿರುಗಿಸಿದೆ. ಮೊದಲೇ ಕಡ್ಡಿ ಕರಗಿಸಿ, ಗನ್ ಸಿದ್ಧ ಮಾಡಿಕೊಂಡು, ಒಂದೇ ಸಲ ಕೈ ಹಾಕಿ ನೋಡುವುದು, ನೋಡಿದ ಕೈಯಲ್ಲೇ ಕೆಲಸ ಮುಗಿಸುವುದು. ಯಾರಿಗೂ ತಿಳಿಯಲಿಲ್ಲ. ಮೂರು ವಾರ ಹೀಗೇ ನಡೆಯಿತು. ತಪ್ಪು ಮಾಡಿಯೂ ಏನೂ ಆಗದಿದ್ದರೆ ಅದೇ ರೂಢಿಯಾಗುತ್ತದೆ, ನನಗೂ ಆಯಿತು.

ಹಾಗಿರುವಾಗ ಒಂದು ಬೆಳಿಗ್ಗೆ ಕಮಲಾಪುರದ ಒಬ್ಬ ಯಜಮಾನಿಯಿಂದ ಫೋನು ಬಂತು. ಅರವತ್ತು ದಾಟಿದವರು, ಎರಡು ಎಮ್ಮೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹಾಲು ಹಾಕುತ್ತಿದ್ದರು. ಅವರ ದೊಡ್ಡ ಎಮ್ಮೆಗೆ ಮೂರು ತಿಂಗಳ ಹಿಂದೆ ನಾನೇ ಕಡ್ಡಿ ಹಾಕಿದ್ದೆ. ಎರಡು ತಿಂಗಳಿಗೆ ಹೋಗಿ ಗಬ್ಬ ನಿಂತಿದೆಯೇ ಎಂದು ನೋಡಬೇಕಿತ್ತು. ಕಾಲುಬಾಯಿ ಜ್ವರದ ಲಸಿಕೆಯ ಓಡಾಟದಲ್ಲಿ ಅದು ತಪ್ಪಿಹೋಗಿತ್ತು. ನಾನು ಹೋದಾಗ ಎಮ್ಮೆಯನ್ನು ಬೇವಿನ ಮರಕ್ಕೆ ಕಟ್ಟಿದ್ದರು.

“ಮುಂಜಾನಿಂದ ಒದರ್ಲಾಕತ್ತದರಿ. ಲೋಳಿನೂ ಹಾಕ್ಯಾದ,” ಎಂದರು ಯಜಮಾನಿ.

“ಬೆದಿಗಿ ಬಂದದ ಹಂಗಾದ್ರ. ಹೋದ ಸಲ ನಿಂತಿಲ್ಲ ಅನಸ್ತದ,” ಎಂದೆ.

ಕ್ಯಾನಿನಿಂದ ಕಡ್ಡಿ ಎತ್ತಿ ಥರ್ಮಾಸಿನ ನೀರಿಗೆ ಹಾಕಿದೆ. ಒರೆಸಿ, ತುದಿ ಕತ್ತರಿಸಿ, ಗನ್ನಿಗೆ ಏರಿಸಿದೆ. ಆಕೆ ಎಮ್ಮೆಯ ಬಾಲ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಕೈ ಹಾಕಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ಗರ್ಭದ ಕೊರಳು ಸಿಕ್ಕಿತು. ಅದರಾಚೆಗಿನದು ಸಿಗಲಿಲ್ಲ. ಕರು ನಿಂತ ಗರ್ಭಕೋಶ ಭಾರಕ್ಕೆ ಕೆಳಗೆ ಜಾರುತ್ತದೆ. ಅಂಗೈಯನ್ನು ಓರೆ ಮಾಡಿ, ಕಿರುಬೆರಳಿನ ಅಂಚಿನಿಂದ ಮೆಲ್ಲಗೆ ಕೆಳಗಿಳಿದು, ಬೊಗಸೆಯಲ್ಲಿ ಎತ್ತಿದಂತೆ ಎತ್ತಿ ಅದರ ತೂಕ ನೋಡಬೇಕು. ನನ್ನ ಕೈಯ ಆ ಅಂಚು ಮರದ ಹಲಗೆಯಾಗಿತ್ತು. ಏನೋ ಇದ್ದ ಹಾಗೂ ಇತ್ತು, ಬರೀ ಕರುಳಿದ್ದ ಹಾಗೂ ಇತ್ತು. ಇತ್ತ ಬಲಗೈಯ ಗನ್ನಿನ ತುದಿ ಕೊರಳಿನ ಬಾಯಿಗೆ ಬಂದು ನಿಂತಿತ್ತು.

“ತಡೀರಿ ಡಾಕ್ಟರ್ ಸಾಬ್ರ,” ಎಂದರು ಯಜಮಾನಿ. “ನೀವು ಪ್ರತಿ ಸಲ ಮದಲ ಕೈ ಹಾಕಿ ನೋಡಿ, ಆಮ್ಯಾಲ ಕಡ್ಡಿ ತೆಗೀತಿದ್ರಿ. ಇವತ್ತ ಮದಲೇ ತೆಗದೀರಿ. ಯಾಕ್ರಿ?”

“ಟೈಮ್ ಉಳೀತದ ಯವ್ವಾ.”

“ಟೈಮ್ ಉಳಸ್ಲಾಕ ನಮ್ಮ ಎಮ್ಮಿನೇ ಸಿಕ್ತೇನ್ರಿ ನಿಮಗ? ಹೊಟ್ಟ್ಯಾಗ ಏನರೆ ಅದನೋ ಇಲ್ಲೋ, ಅಷ್ಟು ಹೇಳ್ರಿ.”

ಈ ಪ್ರಶ್ನೆಗೆ ಹತ್ತು ಎಣಿಸುವುದರೊಳಗೆ ಉತ್ತರ ಹೇಳುತ್ತಿದ್ದವನು ನಾನು. ‘ಇಲ್ಲ’ ಎಂದು ಹೇಳಿ ಗನ್ ಒತ್ತಿದ್ದರೆ ಆಕೆ ನಂಬುತ್ತಿದ್ದರು. ಎಮ್ಮೆ ಒದರಿದೆ, ಲೋಳೆ ಹಾಕಿದೆ, ಲಕ್ಷಣವೆಲ್ಲ ಬೆದೆಯದ್ದೇ. ಬಿಟ್ಟು ಹೋದರೆ ಮುಂದಿನ ಬೆದೆಗೆ ಮತ್ತೆ ಮೂರು ವಾರ ಕಾಯಬೇಕು. ಆದರೆ ಒಳಗೆ ಕರು ಇದ್ದರೆ, ಅದನ್ನು ಕೊಲ್ಲುವುದು ನನ್ನ ಕೈಯೇ. ಗನ್ ಹಿಂದಕ್ಕೆ ಎಳೆದೆ.

“ನನಗ ಗೊತ್ತಾಗವಲ್ದು ಯವ್ವಾ. ಕೈಗಿ ಜೋಮು ಹಿಡದದ. ಮೂರು ವಾರ ಆತು, ಎರಡು ಬೆರಳಿಗಿ ಏನೂ ತಿಳಿಯಂಗಿಲ್ಲ.”

ಹೆಂಡತಿಗೆ ಹೇಳಿರದ ಮಾತನ್ನು ಎಮ್ಮೆಯ ಬಾಲ ಹಿಡಿದು ನಿಂತವರಿಗೆ ಹೇಳಿದ್ದೆ. ಆಕೆ ಬಾಲ ಬಿಟ್ಟರು.

“ಇಷ್ಟು ಹೇಳ್ಲಾಕ ಮೂರು ವಾರ ಬೇಕಾತೇನ್ರಿ? ನಮ್ಮ ಸೊಸಿ ರೊಟ್ಟಿ ಬಡೀಲಾಕ ಬರಂಗಿಲ್ಲ ಅಂತ ಬಂದ ಮರುದಿನಾನೇ ಹೇಳಿದ್ಲು. ಯಾರರೆ ಆಕಿನ್ನ ಹೊರಗ ಹಾಕಿದ್ರೇನು? ಕೈ ತೊಳಕೋರಿ, ಚಾ ಕುಡೀರಿ.”

ಕರಗಿದ ಕಡ್ಡಿಯನ್ನು ತಿಪ್ಪೆಗೆ ಚೆಲ್ಲಿದೆ. ತಾಲೂಕು ಆಸ್ಪತ್ರೆಯ ಪಶುವೈದ್ಯರಿಗೆ ಫೋನ್ ಮಾಡಿ, ಇದ್ದದ್ದು ಇದ್ದಂತೆ ಹೇಳಿದೆ. ಅವರು ನನಗಿಂತ ಕಿರಿಯರು, ಹುದ್ದೆಯಲ್ಲಿ ಮೇಲಿನವರು. ಮಧ್ಯಾಹ್ನಕ್ಕೆ ಬಂದು, ಕೈಗವಸು ಏರಿಸಿಕೊಂಡು ನೋಡಿದರು. ನಾನು ಅವರ ಮುಖ ನೋಡುತ್ತ ನಿಂತಿದ್ದೆ.

“ಗಬ್ಬ ಅದರಿ. ಮೂರು ತಿಂಗಳದ್ದು, ಬಲಗಡಿಗಿ,” ಎಂದರು. ಗಬ್ಬವಿದ್ದ ಎಮ್ಮೆಯೂ ಅಪರೂಪಕ್ಕೆ ಬೆದೆಯ ಲಕ್ಷಣ ತೋರಿಸುತ್ತದೆ ಎಂದು ಯಜಮಾನಿಗೆ ಬಿಡಿಸಿ ಹೇಳಿದರು. ಅದು ನನಗೂ ಗೊತ್ತಿದ್ದ ಪಾಠವೇ. ನಾನು ಅಲ್ಲೇ ಗೋದಲಿಯ ಕಟ್ಟೆಯ ಮೇಲೆ ಕೂತೆ. ಬದುಕಿತು ಎಂದು ಅನಿಸಿದ್ದು ಕರುವಿನ ಬಗ್ಗೆಯೋ ನನ್ನ ಬಗ್ಗೆಯೋ, ಆ ಹೊತ್ತಿಗೆ ಎರಡೂ ಒಂದೇ ಆಗಿತ್ತು.

ಪಶುವೈದ್ಯರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ನನ್ನ ನೋಟ್‌ಬುಕ್ ಕೇಳಿ, ಆ ಮೂರು ವಾರದಲ್ಲಿ ನಾನು ಕಡ್ಡಿ ಹಾಕಿದ ದನಗಳ ಮನೆಗಳಿಗೆಲ್ಲ ಗುರುತು ಹಾಕಿದರು. ಎರಡು ದಿನ ಇಬ್ಬರೂ, ಕೇಂದ್ರದಲ್ಲಿ ನಾನು ಇಡುವ ಬೈಕಿನ ಮೇಲೆ, ಅವರು ಓಡಿಸುತ್ತ ನಾನು ಹಿಂದೆ ಕೂತು ಮನೆಮನೆ ಸುತ್ತಿದೆವು. ಪ್ರತಿ ಬಾಗಿಲಲ್ಲೂ ಅವರೇ ಕೇಳುತ್ತಿದ್ದರು, ದನ ಕಂದು ಹಾಕಿದ್ದೇನಾದರೂ ಉಂಟೇ ಎಂದು. ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ನಾನು ಕೊಟ್ಟಿಗೆಯ ದನಗಳನ್ನು ಎಣಿಸುತ್ತಿದ್ದೆ. ಎಲ್ಲಿಯೂ ಇಲ್ಲ ಎಂದರು. ಕೊನೆಯ ಮನೆಯಿಂದ ಹೊರಗೆ ಬಂದಾಗ ಪಶುವೈದ್ಯರು ಬೈಕಿನ ಕೀಲಿಯನ್ನು ತಿರುಗಿ ನನ್ನ ಕೈಗೆ ಕೊಟ್ಟರು.

“ನಸೀಬ್ ಛಲೋ ಅದರಿ ನಿಮ್ದು. ನಾಳೆ ಕಲಬುರಗಿಯೊಳಗ ನರದ ಡಾಕ್ಟರ್‌ಗೆ ತೋರಸ್ರಿ. ಅವರು ಹ್ಞೂಂ ಅನ್ನೋತನ ಗನ್ ಮುಟ್ಟಬ್ಯಾಡ್ರಿ.”

ಮರುದಿನ ಹೆಂಡತಿಯನ್ನು ಕರೆದುಕೊಂಡು ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ಒಂದು ದವಾಖಾನೆಗೆ ಹೋದೆ. ಅವಳಿಗೆ ಹಿಂದಿನ ಸಂಜೆಯೇ ಎಲ್ಲ ಹೇಳಿದ್ದೆ. “ಸೊಳ್ಳಿ ಭಾಳ ದೊಡ್ಡದಿತ್ತು ಬಿಡ್ರಿ,” ಎಂದಷ್ಟೇ ಹೇಳಿದ್ದಳು. ನರದ ಡಾಕ್ಟರು ಹೆಣ್ಣುಮಗಳು, ಇಲ್ಲಿಯವರೇ. ಮೊದಲು ಹತ್ತಿಯಿಂದ ಒಂದೊಂದೇ ಬೆರಳನ್ನು ಮುಟ್ಟಿ, ತಿಳಿಯುತ್ತದೆಯೇ ಎಂದು ಕೇಳಿದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕಾಗದ ಹಿಡಿಸಿ ಎಳೆದರು. ಮುಂಗೈ ಮೇಲೆತ್ತಿಸಿ ಒತ್ತಿದರು. ಆಮೇಲೆ ಪಕ್ಕದ ಕೋಣೆಯಲ್ಲಿ ಮಲಗಿಸಿ, ತೋಳಿನಿಂದ ಬೆರಳಿನತನಕ ಅಲ್ಲಲ್ಲಿ ತಂತಿ ಅಂಟಿಸಿ, ಸಣ್ಣ ಸಣ್ಣ ಕರೆಂಟು ಕೊಟ್ಟು ನರ ಎಷ್ಟು ಬೇಗ ಸುದ್ದಿ ಒಯ್ಯುತ್ತದೆ ಎಂದು ಯಂತ್ರದಲ್ಲಿ ನೋಡಿದರು. ಪ್ರತಿ ಹೊಡೆತಕ್ಕೂ ಬೆರಳು ತಾನೇ ಕುಣಿಯುತ್ತಿತ್ತು.

ಕಡೆಗೆ ಮೊಣಕೈಯ ಒಳಬದಿಯ ಗುಳಿಗೆ ಬೆರಳಿಂದ ಟಕ್ ಎಂದು ಬಡಿದರು. ಕಿರುಬೆರಳಿನತನಕ ಝಳ್ ಎಂದು ಹರಿಯಿತು.

“ನೀವು ಕುಂತಾಗ ಈ ಮೊಣಕೈ ಎಲ್ಲಿ ಇಡ್ತೀರಿ?” ಎಂದು ಕೇಳಿದರು.

“ಎಲ್ಲಿ ಇಡ್ತೀನಿ? ನನ್ನ ಹಂತ್ಯಾಕೇ ಇರ್ತದರಿ.”

“ಫೋನ್ ಹೆಂಗ ಹಿಡೀತೀರಿ, ತೋರಸ್ರಿ.”

ನಾನು ಎಡಗೈಯಲ್ಲಿ ಫೋನ್ ಹಿಡಿದು, ಮೊಣಕೈಯನ್ನು ಅವರ ಮೇಜಿನ ಅಂಚಿಗೆ ಊರಿ, ಬಲಗೈಯ ಬೆರಳಿನಿಂದ ಒತ್ತುವಂತೆ ಮಾಡಿ ತೋರಿಸಿದೆ. ಹೆಂಡತಿ ಬಾಯಿ ಹಾಕಿದಳು. “ಲಸಿಕಿ ಶುರು ಆದಾಗಿಂದ ಮನ್ಯಾಗೂ ಹಿಂಗೇ ಕುಂಡರ್ತಾರ್ರಿ ಮೇಡಂ. ಊಟದ ಮೇಜಿನ ಮ್ಯಾಲ, ತಾಸುಗಟ್ಟಲೆ.”

ಅದು ನಿಜ. ಈಗ ಪ್ರತಿ ದನದ ಕಿವಿಯಲ್ಲೂ ನಂಬರಿನ ಬಿಲ್ಲೆ ಇದೆ. ಲಸಿಕೆ ಹಾಕಿದ ಮೇಲೆ ಹನ್ನೆರಡು ಅಂಕಿಯ ಆ ನಂಬರನ್ನು ಫೋನಿನಲ್ಲಿ ತುಂಬಬೇಕು. ಹಗಲೆಲ್ಲ ಸೂಜಿ ಹಾಕಿ, ಸಂಜೆ ನೋಟ್‌ಬುಕ್ ನೋಡಿಕೊಂಡು ಒಂದೊಂದೇ ನಂಬರು ಒತ್ತುತ್ತಿದ್ದೆ. ಮಣಿಕಟ್ಟು ಬಲಹೀನವಲ್ಲವೇ, ಫೋನಿನ ಭಾರ ತಡೆಯಲಿ ಎಂದು ಮೊಣಕೈ ಊರುವ ರೂಢಿ. ಬಸ್ಸಿನಲ್ಲಿ ಹೋಗಿ ಬರುವಾಗಲೂ ಅದೇ ಮೊಣಕೈ ಕಿಟಕಿಯ ಕಬ್ಬಿಣದ ಮೇಲೆ.

“ನೋಡ್ರಿ, ನಿಮ್ಮ ಹಳೇ ನರ ಬ್ಯಾರೆ, ಇದು ಬ್ಯಾರೆ,” ಎಂದರು ಡಾಕ್ಟರು. “ಮುಂಗೈ ಎತ್ತೋ ನರ ಅದು. ಛಲೋನೇ ಕೂಡ್ಯಾದ, ಅದರ ಫಿಕರ್ ಬಿಡ್ರಿ. ಇದು ಮೊಣಕೈ ಒಳಗಿಂದ ಕಿರಿಬೆರಳಿಗಿ ಹೋಗೋ ನರ. ನೀವೇ ದಿನಾ ಮೇಜಿಗಿ ಒತ್ತಿ ಒತ್ತಿ ಅದಕ್ಕ ಉಸಿರು ಕಟ್ಟಿಸೀರಿ. ಸತ್ತಿಲ್ಲ, ಬ್ಯಾಸರಾಗ್ಯಾದ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂದು ಗಾದೆ. ಮೂರು ವಾರ ನಾನು ಮೊಣಕೈಯ ರೋಗಕ್ಕೆ ತೋಳಿಗೆ ಉಪ್ಪಿನ ಶಾಖ ಕೊಟ್ಟಿದ್ದೆ, ಅದೂ ದನದ ಡಾಕ್ಟರು ಅನ್ನಿಸಿಕೊಂಡವನು. ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಡಾಕ್ಟರು ಚೀಟಿ ಬರೆದರು. ಮೊಣಕೈ ಎಲ್ಲಿಯೂ ಊರಬಾರದು. ಮಲಗುವಾಗ ಅದು ಮಡಚದಂತೆ ಟವೆಲ್ ಸುತ್ತಿಕೊಳ್ಳಬೇಕು. ಫೋನನ್ನು ಸ್ಟ್ಯಾಂಡಿನ ಮೇಲೆ ಇಟ್ಟು ಒತ್ತಬೇಕು. ಆರು ವಾರ ದನದ ಒಳಗೆ ಕೈ ಹಾಕುವಂತಿಲ್ಲ. “ಅಷ್ಟಕ್ಕೂ ಕೇಳಲಿಲ್ಲಂದ್ರ ಆಪರೇಷನ್ ಮಾತು ಆಡೋಣು. ಈಗ ಬ್ಯಾಡ,” ಎಂದರು.

ಹೊರಗೆ ಬಂದು ಒಂದು ಹೋಟೆಲಿನಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಹೇಳಿದೆವು. ತಟ್ಟೆ ಬರುವುದರೊಳಗೆ ನನ್ನ ಎಡ ಮೊಣಕೈ ಮೇಜು ಹತ್ತಿತ್ತು. ಹೆಂಡತಿ ಚಮಚೆಯಿಂದ ಮೆತ್ತಗೆ ಕುಟ್ಟಿದಳು. ಅಂದಿನಿಂದ ಮುಂದಿನ ಆರು ವಾರ ಅವಳ ಕೈಗೆ ಸಿಕ್ಕಿದ್ದರಿಂದೆಲ್ಲ ನನಗೆ ಕುಟ್ಟಿಸಿಕೊಳ್ಳುವುದಾಯಿತು. ಚಮಚೆ, ಬಾಚಣಿಕೆ, ಒಂದು ಸಲ ಬದನೆಕಾಯಿ.

ಆ ಆರು ವಾರ ಬಲಗೈಯಿಂದ ಸೂಜಿ ಹಾಕಿದೆ, ಔಷಧ ಕುಡಿಸಿದೆ. ಬೆದೆಗೆ ಬಂದ ದನಗಳಿಗೆ ಪಕ್ಕದ ಕೇಂದ್ರದವರು ಬಂದರು. ನನ್ನನ್ನು ಕರೆದ ಮನೆಗಳಿಗೆ ನಾನೇ ಫೋನ್ ಮಾಡಿ ಕಾರಣ ಹೇಳಿದೆ. ಮೊದಲ ಎರಡು ಫೋನು ಕಷ್ಟವಾಯಿತು, ಆಮೇಲೆ ಅಭ್ಯಾಸವಾಯಿತು. ಡಾಕ್ಟರು ಹೇಳಿಕೊಟ್ಟ ಇನ್ನೊಂದು ಕಸರತ್ತಿತ್ತು. ಚೀಲದಲ್ಲಿ ಜೋಳ, ತೊಗರಿ, ಕಡಲೆ ಕಲಸಿ ಹಾಕಿ, ಕಣ್ಣು ಮುಚ್ಚಿ ಕಿರುಬೆರಳಿಗೆ ತಾಗಿದ್ದು ಯಾವ ಕಾಳು ಎಂದು ಹೇಳಬೇಕು. ಮೊದಲ ವಾರ ಎಲ್ಲವೂ ಮರಳೇ. ಮೂರನೆಯ ವಾರ ಕಡಲೆಯ ಮೂತಿ ತಿಳಿಯಿತು. ಐದನೆಯ ವಾರ ಜೋಳವೂ ತೊಗರಿಯೂ ಬೇರೆ ಬೇರೆಯಾದವು. ಹೆಂಡತಿ ಸುಮ್ಮನೆ ಒಂದು ಹೆಸರುಕಾಳು ಸೇರಿಸಿದ್ದಳು, ಅದನ್ನೂ ಹಿಡಿದುಕೊಟ್ಟೆ. ಅಂದು ಊಟದಲ್ಲಿ ಒಂದು ರೊಟ್ಟಿ ಹೆಚ್ಚು ತಿಂದೆ.

ಆರು ವಾರದ ಮೇಲೆ ಮತ್ತೆ ತಂತಿ, ಮತ್ತೆ ಕರೆಂಟು. ನರ ಚುರುಕಾಗಿದೆ, ಪೂರ್ತಿ ಅಲ್ಲ, ಕೆಲಸಕ್ಕೆ ಸಾಕು ಎಂದರು ಡಾಕ್ಟರು. ನಾನು ಆ ಚೀಟಿ ಹಿಡಿದುಕೊಂಡು ಕಮಲಾಪುರಕ್ಕೆ ಹೋದೆ. ಪಶುವೈದ್ಯರು ಚೀಟಿ ಓದಿ ಜೇಬಿಗೆ ಹಾಕಿಕೊಂಡರು.

“ಇದು ನಿಮ್ಮ ಕೈ ಸುದ್ದಿ ಆತು. ನನಗ ದನದ ಸುದ್ದಿ ಬೇಕು. ನಾಕು ದನ ನೋಡೋಣು. ನೀವು ಮದಲ ಹೇಳ್ರಿ, ನಾ ಆಮ್ಯಾಲ ನೋಡ್ತೀನಿ.”

ಮೊದಲ ಮೂರರಲ್ಲಿ ನನ್ನ ಮಾತೂ ಅವರ ಮಾತೂ ಒಂದೇ ಆಯಿತು. ಎರಡು ಬರಿದು, ಒಂದು ಗಬ್ಬ. ಆದರೆ ಆ ಒಂದರ ದಿನ ತುಂಬುತ್ತ ಬಂದಿತ್ತು, ಅದನ್ನು ಹೊರಗಿನಿಂದ ನೋಡಿಯೇ ಹೇಳಬಹುದಿತ್ತು. ನಾಲ್ಕನೆಯದು ಆ ಯಜಮಾನಿಯ ಎಮ್ಮೆ. ಪಶುವೈದ್ಯರು ಬೇಕೆಂದೇ ಅದನ್ನು ಕೊನೆಗೆ ಇಟ್ಟಿದ್ದರು.

ಎಮ್ಮೆಯನ್ನು ಅದೇ ಬೇವಿನ ಮರಕ್ಕೆ ಕಟ್ಟಿದ್ದರು. ಯಜಮಾನಿ ಬಾಲ ಹಿಡಿದರು. ಈ ಸಲ ಹತ್ತಿರ ಕ್ಯಾನೂ ಇರಲಿಲ್ಲ, ಗನ್ನೂ ಇರಲಿಲ್ಲ, ಕೈಯೊಂದೇ. ಒಳಗೆ ಹೋಗಿ ಅಂಗೈಯನ್ನು ಓರೆ ಮಾಡಿದೆ. ಐದು ತಿಂಗಳಿಗೆ ಬಂದ ಗರ್ಭಕೋಶ ಆಳಕ್ಕೆ ಇಳಿದಿತ್ತು, ಕೈಗೆ ಸಿಗಲಿಲ್ಲ. ಅಂಥಾಗ ಹುಡುಕಬೇಕಾದ್ದು ಅದಕ್ಕೆ ರಕ್ತ ಒಯ್ಯುವ ನಾಳವನ್ನು. ಬರಿದಾದ ದನದಲ್ಲಿ ಆ ನಾಳ ಉಳಿದ ನಾಡಿಗಳಂತೆ ಬಡಿಯುತ್ತದೆ. ಕರು ಬೆಳೆಯುತ್ತಿದ್ದರೆ ದಪ್ಪವಾಗಿ, ಬಡಿಯುವುದನ್ನು ಬಿಟ್ಟು, ಬೆರಳ ಕೆಳಗೆ ಜುಮುಜುಮು ಎಂದು ಹರಿಯುತ್ತದೆ.

ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ಬದಿಗೆ ಒರಗಿಸಿದೆ. ಜುಮುಜುಮು ಎಂದಿತು.

ಎಷ್ಟೋ ವಾರಗಳಿಂದ ಆ ಎರಡು ಬೆರಳಿಗೆ ಗೊತ್ತಿದ್ದದ್ದು ಅದೊಂದೇ, ಜುಮುಜುಮು. ಜೋಮು ತಿರುಗಿ ಬಂತೋ, ಇದು ಎಮ್ಮೆಯದೋ, ಒಳಗೆ ಕತ್ತಲಲ್ಲಿ ಹೇಗೆ ಹೇಳುವುದು? ಬೆರಳುಗಳನ್ನು ಒಂದಂಗುಲ ಈಚೆಗೆ ತಂದೆ. ನಿಂತಿತು. ಮತ್ತೆ ಇಟ್ಟೆ. ಜುಮುಜುಮು. ತೆಗೆದೆ, ನಿಂತಿತು. ಇಟ್ಟೆ, ಬಂತು. ಮೂರು ಸಲ ಹಾಗೆ ಮಾಡಿದೆ. ಆ ಬೆರಳುಗಳಲ್ಲಿದ್ದದ್ದು ನನ್ನದಲ್ಲ, ಕರುವಿನದು.

“ಗಬ್ಬ ಅದ,” ಎಂದೆ. “ಐದು ತಿಂಗಳದ್ದು. ಛಲೋ ಅದ.” ಪಶುವೈದ್ಯರು ಕೈಗವಸನ್ನು ಚೀಲದಿಂದ ತೆಗೆದವರು, ನನ್ನ ಮುಖ ನೋಡಿ ತಿರುಗಿ ಒಳಗೆ ಇಟ್ಟರು.

“ಎಮ್ಮಿದು ಅವತ್ತೇ ಗೊತ್ತಾಗ್ಯಾದರಿ,” ಎಂದರು ಯಜಮಾನಿ. “ನಿಮ್ಮ ಕೈದು ಹೇಳ್ರಿ.”

“ಬಂದದ ಯವ್ವಾ,” ಎಂದೆ.